ಹವ್ಯಾಸಿಗಳ ಋಣ

ಕರಾವಳಿಯಲ್ಲಿ 'ಹವ್ಯಾಸಿ' ಎಂಬ ಮಾತಿಗೆ ಒಂದು ತೂಕವಿದೆ. ಹಗಲಿಡೀ ಬ್ಯಾಂಕಿನಲ್ಲೋ ಶಾಲೆಯಲ್ಲೋ ಅಂಗಡಿಯಲ್ಲೋ ದುಡಿದು, ಸಂಜೆ ತಾಳಮದ್ದಳೆಯ ಕೂಟದಲ್ಲಿ ಕೂತು ಅರ್ಥ ಹೇಳುವವನು ಹವ್ಯಾಸಿ. ಅವನಿಗೆ ಸಂಭಾವನೆ ಸಿಕ್ಕರೂ ಆಯಿತು, ಸಿಗದಿದ್ದರೂ ಆಯಿತು. ಆದರೆ ಅವನ ಅರ್ಥಗಾರಿಕೆ ಮೇಳದ ಕಲಾವಿದನಿಗಿಂತ ಕಡಿಮೆಯದೆಂದು ಇಲ್ಲಿ ಯಾರೂ ಹೇಳುವುದಿಲ್ಲ. ಹೊಟ್ಟೆಪಾಡಿನ ಕೆಲಸವೇ ಬೇರೆ, ಮನಸ್ಸು ಕೊಟ್ಟ ಕೆಲಸವೇ ಬೇರೆ ಎಂಬುದು ಈ ಊರಿನ ಜನರಿಗೆ ಗೊತ್ತು.

ಕಂಪ್ಯೂಟರಿನ ಲೋಕದಲ್ಲೂ ಇಂಥ ಹವ್ಯಾಸಿಗಳಿದ್ದಾರೆ. ಮುಕ್ತ ತಂತ್ರಾಂಶ ಎಂದು ಕರೆಯುವ ವ್ಯವಸ್ಥೆ ನಿಂತಿರುವುದರಲ್ಲಿ ಅವರ ಪಾಲು ದೊಡ್ಡದು. ತಂತ್ರಾಂಶದ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬುದು ಇದರ ಮೂಲ ನಿಯಮ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದಾಗ ಹಲವರಿಗೆ ಅದು ಹುಚ್ಚಾಟವಾಗಿ ಕಂಡಿತ್ತು. 1991ರ ಆಗಸ್ಟಿನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನೊಂದು ಹೊಸ ಕಾರ್ಯಾಚರಣೆ ವ್ಯವಸ್ಥೆ ಬರೆಯುತ್ತಿರುವುದಾಗಿ ತಿಳಿಸುವಾಗ, ಇದು ಬರೀ ಹವ್ಯಾಸ, ದೊಡ್ಡದೇನೂ ಆಗದು ಎಂದೇ ಹೇಳಿಕೊಂಡಿದ್ದ. ಇಂದು ನಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಡಲಲ್ಲಿ ಇರುವುದು ಆ ಹವ್ಯಾಸದ ಫಲವಾದ ಲಿನಕ್ಸ್.

ಫಿನ್ಲೆಂಡಿನ ಕತೆ ಗೊತ್ತಿರುವ ನಮ್ಮ ಹುಡುಗರಿಗೆ ಉಡುಪಿಯ ಕತೆ ಗೊತ್ತಿರುವುದಿಲ್ಲ. ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ. ಪಿ. ರಾವ್ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಅಚ್ಚಿನ ಉದ್ಯಮದಲ್ಲಿ ದುಡಿದವರು. ಮಣಿಪಾಲದಲ್ಲಿ ಪಾಠ ಹೇಳಿದವರು. ಉಡುಪಿಯನ್ನು ಮನೆ ಮಾಡಿಕೊಂಡವರು. ಸಿಂಧೂ ಲಿಪಿಯನ್ನು ಕಂಪ್ಯೂಟರಿಗೆ ಅಳವಡಿಸುವ ಕೆಲಸದಲ್ಲಿ ಐರಾವತಂ ಮಹಾದೇವನ್ ಅವರ ಜೊತೆಗಿದ್ದವರು. ಕನ್ನಡ ಬರೆಯಲು ಅವರು ಕಂಡುಕೊಂಡ ದಾರಿ ಎಷ್ಟು ಸರಳವೆಂದರೆ, ಇದರಲ್ಲಿ ಏನು ದೊಡ್ಡ ವಿಷಯ ಎಂದು ಕೇಳುವಷ್ಟು.

ಹಳೆಯ ಕನ್ನಡ ಟೈಪ್‌ರೈಟರಿನಲ್ಲಿ ಅಕ್ಷರದ ಆಕಾರವನ್ನು ತುಂಡು ತುಂಡಾಗಿ ಜೋಡಿಸಬೇಕಿತ್ತು. ತಲೆಕಟ್ಟು ಒಂದು ಕಡೆ, ಕೊಂಬು ಇನ್ನೊಂದು ಕಡೆ, ಒತ್ತಕ್ಷರ ಮತ್ತೊಂದು ಕಡೆ. ರಾವ್ ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ಬಾಯಿಂದ ಬರುವ ಕ್ರಮದಲ್ಲೇ ಬೆರಳು ಆಡಬೇಕು. ಅಕ್ಷರ ಹೇಗೆ ಕಾಣಬೇಕೆಂಬ ತಲೆಬಿಸಿ ಯಂತ್ರದ್ದು. ಇಂಗ್ಲಿಷಿನ 'ಕೆ' ಕೀಲಿ ಒತ್ತಿದರೆ 'ಕ', ಶಿಫ್ಟ್ ಹಿಡಿದು ಒತ್ತಿದರೆ 'ಖ'. ಒತ್ತಕ್ಷರ ಬೇಕಾದರೆ ನಡುವೆ 'ಎಫ್' ಕೀಲಿ. ಇಪ್ಪತ್ತಾರು ಕೀಲಿಗಳಲ್ಲಿ ಇಡೀ ಕನ್ನಡ. ಕರಾವಳಿಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ಅವರು 'ಸೇಡಿಯಾಪು' ತಂತ್ರಾಂಶವನ್ನು ರೂಪಿಸಿ ಉಚಿತವಾಗಿ ಹಂಚಿದರು. ವಿನ್ಯಾಸದ ಮೇಲೆ ಹಕ್ಕು ಸಾಧಿಸಲಿಲ್ಲ. ಅದೇ ವಿನ್ಯಾಸ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಕರ್ನಾಟಕ ಸರಕಾರ ಒಪ್ಪಿದ ಕೀಲಿಮಣೆಯಾಯಿತು, 'ನುಡಿ'ಯ ಕೀಲಿಮಣೆಯಾಯಿತು.

ಮುಂದಿನ ಕತೆ ಇನ್ನೂ ಸ್ವಾರಸ್ಯದ್ದು. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳಿಂದ 'ಕಗಪ' ಎಂದು ಕರೆಸಿಕೊಂಡ ಈ ವಿನ್ಯಾಸವನ್ನು ಲಿನಕ್ಸಿನ ಕೀಲಿಮಣೆಗಳ ಪಟ್ಟಿಗೆ ಸೇರಿಸಿದರು. ಕನ್ನಡಕ್ಕಷ್ಟೇ ಅಲ್ಲ, ಹಿಂದಿ, ಮರಾಠಿ, ತೆಲುಗು, ಸಂಸ್ಕೃತಗಳಿಗೂ ಆ ಪಟ್ಟಿಯಲ್ಲಿ 'ಕಗಪ' ಇದೆ. ಹೀಗೆ ಒಂದು ವಿನ್ಯಾಸ ಯಾರ ಅಪ್ಪಣೆಯನ್ನೂ ಕೇಳದೆ ಬೇರೆ ಭಾಷೆಗಳಿಗೆ ನಡೆದುಹೋಯಿತು. ಅದಕ್ಕೆ ಬೇಲಿ ಇರಲಿಲ್ಲ, ಅಷ್ಟೆ.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಉಚಿತ ಬೇರೆ, ಮುಕ್ತ ಬೇರೆ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ 'ಬರಹ' ಒಂದು ತಲೆಮಾರಿನ ಕನ್ನಡಿಗರಿಗೆ ಕಂಪ್ಯೂಟರಿನಲ್ಲಿ ಅಕ್ಷರಾಭ್ಯಾಸ ಮಾಡಿಸಿತು. ಅದು ಬಹುಕಾಲ ಉಚಿತವಾಗಿತ್ತು, ಮುಂದೆ ಹಣ ಕೊಟ್ಟು ಪಡೆಯುವಂತಾಯಿತು. ಅವರ ಶ್ರಮ ಅವರದು; ಬೆಲೆ ಕಟ್ಟುವ ಹಕ್ಕೂ ಅವರದೇ. ತಕರಾರು ಮಾಡುವುದು ಸಲ್ಲ. ಆದರೆ ಉಚಿತವಾಗಿ ಕೊಟ್ಟವರು ನಾಳೆ ಮನಸ್ಸು ಬದಲಿಸಬಹುದು. ಮುಕ್ತವಾಗಿ ಬಿಟ್ಟದ್ದನ್ನು ಹಾಗೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. ನೆರೆಮನೆಯವರು ತಮ್ಮ ಬಾವಿಯಿಂದ ನೀರು ಸೇದಲು ಬಿಡುವುದಕ್ಕೂ ಊರ ಬಾವಿಗೂ ಇರುವ ವ್ಯತ್ಯಾಸ ಇದು.

ಬೇಲಿ ಹಾಕಿದ ಅಕ್ಷರದ ಕಷ್ಟ ಬರೆಯುವವರಿಗೇ ಗೊತ್ತು. ಹಳೆಯ ತಂತ್ರಾಂಶಗಳು 'ಕ' ಎಂಬ ಅಕ್ಷರವನ್ನು ನೆನಪಿಡುತ್ತಿರಲಿಲ್ಲ. ತಮ್ಮ ಫಾಂಟಿನಲ್ಲಿ 'ಕ'ದ ಚಿತ್ರ ಯಾವ ಮನೆಯಲ್ಲಿದೆ ಎಂಬುದನ್ನಷ್ಟೇ ನೆನಪಿಡುತ್ತಿದ್ದವು. ಫಾಂಟ್ ಕೈತಪ್ಪಿದರೆ ಕತೆಯೂ ಕೈತಪ್ಪಿದ ಹಾಗೆ. ಆ ಕಾಲದ ನನ್ನ ಕೆಲವು ಕತೆಗಳ ಕಡತಗಳನ್ನು ಇಂದು ತೆರೆದರೆ ಬರೀ ರೋಮನ್ ಅಕ್ಷರ, ಚುಕ್ಕಿ, ಅಡ್ಡಗೆರೆ ಕಾಣುತ್ತದೆ. ಉರ್ದುವಿನ ಪಾಡು ಇದಕ್ಕಿಂತ ಬೇರೆಯಲ್ಲ. ನಸ್ತಾಲಿಕ್ ಬರವಣಿಗೆಯನ್ನು ಯಂತ್ರಕ್ಕೆ ಒಗ್ಗಿಸಲು ಪಾಕಿಸ್ತಾನದ ಮಿರ್ಜಾ ಅಹಮದ್ ಜಮೀಲ್ ಸುಮಾರು ಇಪ್ಪತ್ತು ಸಾವಿರ ಅಕ್ಷರಗುಚ್ಛಗಳನ್ನು ಕೈಯಿಂದ ಬರೆದರು. 1981ರಲ್ಲಿ ನೂರಿ ನಸ್ತಾಲಿಕ್ ಬಂತು. ಅದರ ಬಲದ ಮೇಲೆ 1994ರಲ್ಲಿ ಬಂದ ಇನ್‌ಪೇಜ್ ಉರ್ದು ಪತ್ರಿಕೆಗಳನ್ನು ಕಾತಿಬರ ಕೈಯಿಂದ ಕಂಪ್ಯೂಟರಿಗೆ ತಂದಿತು. ಆದರೆ ಅದರಲ್ಲಿ ಬರೆದದ್ದು ಅದರೊಳಗೇ ಬಂದಿಯಾಯಿತು. 2008ರಲ್ಲಿ ಉರ್ದು ಆಸಕ್ತರು ಸೇರಿ ಹೊರತಂದ ಜಮೀಲ್ ನೂರಿ ನಸ್ತಾಲಿಕ್ ಫಾಂಟಿನಿಂದ ಯೂನಿಕೋಡಿನಲ್ಲಿ ಉರ್ದು ಚೆಂದವಾಗಿ ಕಾಣತೊಡಗಿತು. ಕನ್ನಡವಾಗಲಿ ಉರ್ದುವಾಗಲಿ, ಬೀಗ ಬಿದ್ದ ಕಡೆ ಚಾವಿ ಮಾಡಿದವರಲ್ಲಿ ಇಂಥ ಆಸಕ್ತರೇ ಮುಂದೆ ಇದ್ದಾರೆ.

ಇಷ್ಟು ಹೊಗಳಿದ ಮೇಲೆ ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ.

ಮೊದಲನೆಯದು: ಈ ಬಾಗಿಲು ತೆರೆದಿದೆ ಎನ್ನುತ್ತಾರಲ್ಲ, ಯಾರಿಗೆ ತೆರೆದಿದೆ? ತಾಳಮದ್ದಳೆಯ ಚಾವಡಿಗೂ ಬಾಗಿಲಿಲ್ಲ. ಆದರೆ ಪ್ರಸಂಗ ಗೊತ್ತಿಲ್ಲದವನು ಒಳಗೆ ಬಂದು ಏನು ಮಾಡಿಯಾನು? ಮುಕ್ತ ತಂತ್ರಾಂಶದ ಕೂಟಕ್ಕೆ ಇಂಗ್ಲಿಷ್ ಬೇಕು, ಸ್ವಂತ ಕಂಪ್ಯೂಟರ್ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಬಿಡುವು ಬೇಕು. ಬಿಡುವು ಎಂಬುದು ಎಲ್ಲರಿಗೂ ಸಮನಾಗಿ ಹಂಚಿಹೋದ ಆಸ್ತಿಯಲ್ಲ. ಕಾಪುವಿನ ಮೀನುಗಾರರ ಮನೆಯ ಹುಡುಗನಿಗೆ, ಕಾರ್ಕಳದ ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಿಯ ಮಗಳಿಗೆ ಸಂಜೆಯ ಎರಡು ಗಂಟೆ ಸುಮ್ಮನೆ ಸಿಗುವುದಿಲ್ಲ. ಪದವಿ ಮುಗಿಸಿ ಮದುವೆಯಾಗಿ ಮನೆಯಲ್ಲಿ ಉಳಿದ ನಮ್ಮ ಹೆಣ್ಣುಮಕ್ಕಳು ಎಷ್ಟಿಲ್ಲ? ಕಲಿತ ವಿದ್ಯೆ ಅವರಲ್ಲಿದೆ. ಮನೆಯಿಂದಲೇ ಮಾಡಬಹುದಾದ ಈ ಕೆಲಸದತ್ತ ಅವರನ್ನು ಕರೆದವರು ಯಾರು? ಬಾಗಿಲು ತೆರೆದಿಟ್ಟು ಒಳಗೆ ಕೂತವರು, ಹೊರಗಿನವರು ಏಕೆ ಬರುತ್ತಿಲ್ಲ ಎಂದು ಎದ್ದು ನೋಡಬೇಕಾಗುತ್ತದೆ.

ಒಳಗೆ ಬಂದವರನ್ನು ನಡೆಸಿಕೊಳ್ಳುವ ರೀತಿಯೂ ಎಲ್ಲ ಕಡೆ ಒಳ್ಳೆಯದಿರಲಿಲ್ಲ. ಹೊಸಬರ ತಪ್ಪನ್ನು ಎಲ್ಲರೆದುರು ಹೀಯಾಳಿಸುವುದು ಬಹುಕಾಲ ಜಾಣತನವೆನಿಸಿಕೊಂಡಿತ್ತು. ಸ್ವತಃ ಟೋರ್ವಾಲ್ಡ್ಸ್ 2018ರ ಸೆಪ್ಟೆಂಬರಿನಲ್ಲಿ ತಮ್ಮ ಒರಟು ಮಾತಿಗಾಗಿ ಕ್ಷಮೆ ಕೇಳಿ ಕೆಲಕಾಲ ಬಿಡುವು ಪಡೆದರು. ಸಮಾನರ ಕೂಟವೆಂದು ಹೇಳಿಕೊಳ್ಳುವಲ್ಲಿಯೂ ದೊಡ್ಡವರ ದರ್ಪ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಎರಡನೆಯದು ಮಾತಿನ ಪ್ರಶ್ನೆ. ಕತೆ ಬರೆಯುವವನಾಗಿ ನನಗೆ ಇದು ಮುಖ್ಯ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಮುಂತಾದವುಗಳನ್ನು ಕನ್ನಡಕ್ಕೆ ತರಲು ಸ್ವಯಂಸೇವಕರು ಸಾವಿರಾರು ಸಾಲು ಅನುವಾದಿಸಿದ್ದಾರೆ. 'ಫೈಲ್'ಗೆ 'ಕಡತ' ಎಂದದ್ದು ಸೊಗಸಾಗಿದೆ. ಮಸಿ ಬಳಿದ ಬಟ್ಟೆಯ ಹಳೆಯ ಲೆಕ್ಕಪುಸ್ತಕಕ್ಕೆ ಮರುಜನ್ಮ ಸಿಕ್ಕಿತು. ಆದರೆ 'ಡೀಫಾಲ್ಟ್'ಗೆ 'ಪೂರ್ವನಿಯೋಜಿತ', 'ಪಾಸ್‌ವರ್ಡ್'ಗೆ 'ಗುಪ್ತಪದ' ಎಂದರೆ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ಮಾರುವ ಹುಡುಗನಿಗೆ ಅರ್ಥವಾದೀತೇ? ಪಾಸ್‌ವರ್ಡ್ ಎಂಬ ಮಾತು ಅವನ ಬಾಯಲ್ಲಿ ಎಂದೋ ಕನ್ನಡವಾಗಿದೆ. ಕನ್ನಡದಲ್ಲಿ ಬೇಕೆಂದು ಹಟ ಹಿಡಿದು ಮಾಡಿದ್ದನ್ನು ಕನ್ನಡಿಗನೇ ಬಿಟ್ಟು ಇಂಗ್ಲಿಷಿಗೆ ಮರಳಿದರೆ ಅದು ಅವನ ದೋಷವಲ್ಲ. ಅನುವಾದಕರನ್ನು ಬೈಯುವುದೂ ಸರಿಯಲ್ಲ. ಆ ಕೆಲಸಕ್ಕೆ ಕೂತವರು ನಾಲ್ಕು ಮಂದಿ. ಅವರಿಗೆ ತಿಳಿದ ಕನ್ನಡವನ್ನು ಅವರು ಬಳಸಿದರು. ಬ್ಯಾರಿ, ತುಳು, ದಖನಿ, ಕೊಂಕಣಿ ಮನೆಮಾತಿನವರ ಕನ್ನಡ, ಪೇಟೆಯ ಕನ್ನಡ, ಹೆಂಗಸರ ಕನ್ನಡ ಅಲ್ಲಿಗೆ ಬರಬೇಕಿದ್ದರೆ ಆ ಜನವೂ ಅಲ್ಲಿ ಕೂರಬೇಕಿತ್ತು. ನಮ್ಮ ಸಾಹಿತಿಗಳಲ್ಲಿ ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಓಡಾಡಿದರು. 2007ರಲ್ಲಿ ಅವರು ತೀರಿಕೊಂಡ ಮೇಲೆ, ಇದು ಎಂಜಿನಿಯರರ ಕೆಲಸ ಎಂದು ನಮ್ಮಲ್ಲಿ ಹೆಚ್ಚಿನವರು ಕೈತೊಳೆದುಕೊಂಡೆವು.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ನಮ್ಮ ತೋಡುಗಳಿಗೆ ಹಿಂದೆಲ್ಲ ಮಳೆಗಾಲ ಕಳೆದ ಮೇಲೆ ಕಟ್ಟ ಕಟ್ಟುತ್ತಿದ್ದರು. ಊರವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ನೀರು ನಿಲ್ಲಿಸುವುದು. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತದೆ. ಮರುವರ್ಷ ಮತ್ತೆ ಕಟ್ಟಬೇಕು. ತಂತ್ರಾಂಶವೂ ಹಾಗೆಯೇ. ಒಮ್ಮೆ ಬರೆದರೆ ಮುಗಿಯಲಿಲ್ಲ. ವರ್ಷ ವರ್ಷ ತಿದ್ದುತ್ತಿರಬೇಕು. ಕಟ್ಟ ಕಟ್ಟಲು ಹತ್ತು ಮನೆಯವರು ಬರುತ್ತಿದ್ದಲ್ಲಿ ಒಬ್ಬನೇ ಉಳಿದರೆ? 2024ರ ಮಾರ್ಚಿನಲ್ಲಿ ಜಗತ್ತು ಇದರ ಉತ್ತರವನ್ನು ಕಂಡಿತು. ಕಡತಗಳನ್ನು ಕುಗ್ಗಿಸುವ 'ಎಕ್ಸ್‌ಜಡ್' ಎಂಬ ಪುಟ್ಟ ತಂತ್ರಾಂಶವನ್ನು ಫಿನ್ಲೆಂಡಿನ ಒಬ್ಬ ಹವ್ಯಾಸಿ ಸಂಬಳವಿಲ್ಲದೆ ವರ್ಷಗಟ್ಟಲೆ ನೋಡಿಕೊಂಡಿದ್ದ. ಅವನು ದಣಿದಿದ್ದಾಗ 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಯಾರೋ ನೆರವಿಗೆ ಬಂದರು, ಎರಡು ವರ್ಷ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದರು, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟರು. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ತನ್ನ ಯಂತ್ರ ಅರ್ಧ ಸೆಕೆಂಡು ನಿಧಾನವಾದದ್ದನ್ನು ಗಮನಿಸಿ ಕೆದಕದಿದ್ದರೆ, ಲೆಕ್ಕವಿಲ್ಲದಷ್ಟು ಸರ್ವರುಗಳಿಗೆ ಕನ್ನ ಬೀಳುತ್ತಿತ್ತು. ಆ ತಂತ್ರಾಂಶವನ್ನು ಬಳಸಿ ಕೋಟಿಗಟ್ಟಲೆ ಗಳಿಸಿದ ಕಂಪೆನಿಗಳು ಅಲ್ಲಿಯವರೆಗೆ ಅವನ ಭಾರವನ್ನು ಹಂಚಿಕೊಂಡಿರಲಿಲ್ಲ. ಹವ್ಯಾಸಿಯ ಪ್ರೀತಿಯನ್ನು ಬಿಟ್ಟಿ ಚಾಕರಿಯಾಗಿ ಬಳಸಿಕೊಳ್ಳುವುದು ಶೋಷಣೆಯೇ. ಅದಕ್ಕೆ 'ಸಮುದಾಯ' ಎಂಬ ಚೆಂದದ ಹೆಸರು ಕೊಟ್ಟರೂ ಅಷ್ಟೆ.

ಹಾಗಾದರೆ ದಾರಿ ಯಾವುದು? ನೆರೆಯ ಕೇರಳ ಒಂದು ದಾರಿ ತೋರಿಸಿದೆ. ಅಲ್ಲಿ 2002ರಲ್ಲಿ ಹುಟ್ಟಿದ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಬಳಗ ಸ್ವಯಂಸೇವಕರದ್ದೇ. ಆದರೆ ಸರಕಾರವೂ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನು ತಂದಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕಂಪ್ಯೂಟರ್ ಕಲಿಯುವುದು ಅದರಲ್ಲೇ. ಹವ್ಯಾಸಿಗಳ ಕೆಲಸಕ್ಕೆ ಸರಕಾರದ ಆಸರೆ ಸಿಕ್ಕಿತು, ಮಕ್ಕಳಿಗೆ ಅಭ್ಯಾಸವಾಯಿತು. ನಮ್ಮಲ್ಲಿ ಮಣಿಪಾಲದಲ್ಲಿ, ಕಾರ್ಕಳದ ನಿಟ್ಟೆಯಲ್ಲಿ, ಕಾಪು ತಾಲೂಕಿನ ಬಂಟಕಲ್ಲಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಕಡೆಯ ವರ್ಷದ ಪ್ರಾಜೆಕ್ಟಿಗಾಗಿ ಯಾರಿಗೂ ಬೇಡದ ತಂತ್ರಾಂಶ ಬರೆದು ಕಪಾಟಿನಲ್ಲಿಡುವ ಬದಲು, ಕನ್ನಡದ ಕಾಗುಣಿತ ತಿದ್ದುವ, ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ತರುವ ಕೆಲಸಕ್ಕೆ ಒಂದು ಕೈ ಹಾಕಿದರೆ ಅದೂ ವಿದ್ಯೆಯೇ ಅಲ್ಲವೇ?

ತುಳುವರು ತಡಮಾಡಿದರೂ ಎದ್ದಿದ್ದಾರೆ. 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ಸ್ವತಂತ್ರವಾಗಿ ನಿಂತಿತು. ಅದರ ಹಿಂದೆ ಇದ್ದದ್ದು ಸ್ವಯಂಸೇವಕರ ದುಡಿಮೆ. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡಿನ 16ನೆಯ ಆವೃತ್ತಿಗೆ ಸೇರಿತು. ಬ್ಯಾರಿಗೆ 2009ರಿಂದ ಅಕಾಡೆಮಿ ಇದೆ, ಪುಸ್ತಕಗಳಿವೆ, ಹಾಡುಗಳಿವೆ. ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ಕೆ. ಪಿ. ರಾವ್ ಕೊಟ್ಟ ಕೀಲಿಮಣೆಯಲ್ಲಿ ಬ್ಯಾರಿಯನ್ನು ಇಂದೇ ಬರೆಯಬಹುದು. ಬೇಕಾದದ್ದು ಯಂತ್ರವಲ್ಲ. ಮೂಳೂರು, ಉಚ್ಚಿಲ, ಮಲ್ಲಾರಿನ ಅಜ್ಜಿಯರ ಬಾಯಲ್ಲಿರುವ ಮಾತುಗಳನ್ನು ಪಟ್ಟಿ ಮಾಡಿ, ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಇಡುವ ನಾಲ್ಕು ಮಂದಿ ಬೇಕು. ಇಂದು ಯಂತ್ರಗಳು ಮಾತು ಕಲಿಯುತ್ತಿವೆ. ಹೀಗೆ ಬರೆದಿಟ್ಟದ್ದರಿಂದಲೇ ಅವು ಕಲಿಯುತ್ತವೆ. ಬರೆದಿಡದ ಭಾಷೆ ಅವುಗಳ ಪಾಲಿಗೆ ಇಲ್ಲವೇ ಇಲ್ಲ.

ಭಾಷೆ ಉಳಿಸಿ ಎಂದು ಸಭೆಯಲ್ಲಿ ಶಾಲು ಹೊದ್ದು ಮಾತನಾಡುವುದು ಸುಲಭ. ಅದಕ್ಕೆ ಚಪ್ಪಾಳೆಯೂ ಇದೆ. ರಾತ್ರಿ ಹತ್ತರ ಬಳಿಕ ಕೂತು ಒಂದು ಒತ್ತಕ್ಷರ ಸರಿಯಾಗಿ ಮೂಡುವಂತೆ ಮಾಡಿದವನಿಗೆ ಚಪ್ಪಾಳೆ ಇಲ್ಲ. ಅವನ ಋಣವನ್ನು ಹೊಗಳಿಕೆಯಿಂದ ತೀರಿಸಲಾಗದು. ಅವನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ ಕೂತರೆ ಮಾತ್ರ ತೀರೀತು.