ಒಂದರಿಂದ ಆರಕ್ಕೇರಿ ಇಳಿಯುವ ಸಂಖ್ಯೆ

12345654321. ಓದುವುದಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಂದರಿಂದ ಆರಕ್ಕೇರಿ ಮತ್ತೆ ಒಂದಕ್ಕಿಳಿಯುವ ಈ ಸಂಖ್ಯೆಗೆ ಕನ್ನಡ ನಾಡಿನ ಗಣಿತದಲ್ಲಿ ಸಾವಿರ ವರ್ಷ ಮೀರಿದ ಚರಿತ್ರೆಯಿದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ರಚಿಸಿದರು. ಅದರ ಗುಣಾಕಾರದ ಲೆಕ್ಕವೊಂದರಲ್ಲಿ 27994681ನ್ನು 441ರಿಂದ ಗುಣಿಸಿದಾಗ ಬರುವ ಉತ್ತರ ಇದೇ. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ಹಾರದ ಅಂದವನ್ನು ಎಲ್ಲರೂ ಮೆಚ್ಚುತ್ತಾರೆ. ಗಣಿತ ಇರುವುದು ಅದನ್ನು ಪೋಣಿಸಿದ ದಾರದಲ್ಲಿ ಎಂಬುದು ನನ್ನ ವಾದ.

ಆ ದಾರ ಹೀಗಿದೆ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ನಮ್ಮ ಸಂಖ್ಯೆ ಆರು ಒಂದುಗಳ ವರ್ಗ. 111111ನ್ನು ಅದರಿಂದಲೇ ಗುಣಿಸುವಾಗ ಪ್ರತಿ ಸಾಲನ್ನೂ ಒಂದು ಸ್ಥಾನ ಎಡಕ್ಕೆ ಸರಿಸುತ್ತೇವೆ. ಹಾಗಾಗಿ ಬಿಡಿ ಸ್ಥಾನದಲ್ಲಿ ಒಂದು 1, ಹತ್ತರ ಸ್ಥಾನದಲ್ಲಿ ಎರಡು, ನಟ್ಟನಡುವೆ ಆರು, ಆಮೇಲೆ ಅದೇ ಕ್ರಮದಲ್ಲಿ ಇಳಿಕೆ. ಇನ್ನೂ ಒಳಗೆ ಹೋದರೆ 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ವರ್ಗದಲ್ಲಿ ಪ್ರತಿಯೊಂದೂ ಎರಡು ಸಲ ಬರುವುದರಿಂದ ಈ ಸಂಖ್ಯೆಗೆ ಒಟ್ಟು 243 ಭಾಜಕಗಳು. ಮಹಾವೀರರ ಲೆಕ್ಕದಲ್ಲಿ 3 ಮತ್ತು 7 ಒಂದು ಕಡೆ, ಉಳಿದ ಮೂರು ಇನ್ನೊಂದು ಕಡೆ ಸೇರಿವೆ.

ಇದು ಬರೀ ಅಂಕಿಗಳ ಆಟ, ಹತ್ತರ ಆಧಾರದಲ್ಲಿ ಎಣಿಸುವ ರೂಢಿಯಿಂದ ಹುಟ್ಟಿದ ಚಮತ್ಕಾರ ಎನ್ನುವವರಿದ್ದಾರೆ. ಗಣಿತಜ್ಞ ಜಿ.ಎಚ್. ಹಾರ್ಡಿ 1940ರ ತಮ್ಮ ಪುಸ್ತಕದಲ್ಲಿ 8712 ಮತ್ತು 9801 ತಮ್ಮ ಅಂಕಿಗಳನ್ನೇ ತಿರುವಿ ಬರೆದ ಸಂಖ್ಯೆಗಳ ಗುಣಕಗಳು ಎಂಬ ವಿಶೇಷವನ್ನು ಹೇಳಿ, ಗಣಿತಜ್ಞರನ್ನು ಸೆಳೆಯುವಂಥದ್ದು ಅದರಲ್ಲಿಲ್ಲ ಎಂದರು. ಅಲ್ಲಿಗೆ ಆ ಮಾತು ಸಲ್ಲುತ್ತದೆ, ಇಲ್ಲಿಗೆ ಸಲ್ಲದು. ಏಳರ ಆಧಾರದಲ್ಲಿ ಬರೆಯಿರಿ, ಹನ್ನೆರಡರ ಆಧಾರದಲ್ಲಿ ಬರೆಯಿರಿ, 111111ರ ವರ್ಗ 12345654321 ಎಂದೇ ಕಾಣಿಸುತ್ತದೆ. ಆರು ಎಂಬ ಅಂಕಿಗೆ ಜಾಗವಿರುವ ಯಾವ ಆಧಾರದಲ್ಲೂ ಈ ರೂಪ ಕೆಡುವುದಿಲ್ಲ. ಹತ್ತು ಬೆರಳುಗಳ ರೂಢಿಯನ್ನು ದಾಟಿ ನಿಲ್ಲುವ ಈ ಗುಣವನ್ನು ಬರೀ ಚಮತ್ಕಾರ ಎನ್ನಲಾಗದು.

ಕ್ಯಾಲ್ಕ್ಯುಲೇಟರ್ ಇರುವಾಗ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆಯೂ ಇದೆ. ಯಂತ್ರ ಉತ್ತರ ಕೊಡುತ್ತದೆ, ಕಾರಣ ಹೇಳುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಏರಿಳಿತ ಉಳಿದು, ಹತ್ತು ಒಂದುಗಳಾದಾಗ ವರ್ಗ 1234567900987654321 ಆಗಿ ಕೆಡುತ್ತದೆ. ನಡುವಿನ ಸ್ಥಾನದ ಮೊತ್ತ ಹತ್ತಾಗಿ ದಶಕ ಎಡಕ್ಕೆ ಹೋಗುವುದೇ ಇದಕ್ಕೆ ಕಾರಣ. ಇದನ್ನು ಬಲ್ಲವರು ಗುಣಿಸುವ ಮೊದಲೇ ಹೇಳಬಲ್ಲರು.

‘ಗಣಿತಸಾರಸಂಗ್ರಹ’ಕ್ಕೆ ಪ್ರೊ. ಪದ್ಮಾವತಮ್ಮ ಅವರ ಕನ್ನಡ ಅನುವಾದವಿದೆ; ಅದನ್ನು 2000ದಲ್ಲಿ ಪ್ರಕಟಿಸಿದ್ದು ನಮ್ಮದೇ ಶಿವಮೊಗ್ಗ ಜಿಲ್ಲೆಯ ಹೊಂಬುಜ ಜೈನಮಠ. ಭದ್ರಾವತಿಯ ನ್ಯೂ ಟೌನ್ ಇರಲಿ, ಶಿವಮೊಗ್ಗ ಇರಲಿ, ಗಣಿತದ ಮೇಷ್ಟರುಗಳು ಗುಣಾಕಾರ ಕಲಿಸುವ ವಾರ ಈ ಒಂದು ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆಯಲಿ. ಉತ್ತರದ ಜೊತೆಗೆ ಕಾರಣವನ್ನೂ ಮಕ್ಕಳಿಂದಲೇ ಹೇಳಿಸಲಿ.