ಪೃಚ್ಛನೆಯಿಲ್ಲದ ಓದು: ‘ಯಶೋಧರ ಚರಿತೆ’ಯ ಬೋಧನೆಯನ್ನು ಕುರಿತು

ಜೈನಾಚಾರ್ಯರು ಸ್ವಾಧ್ಯಾಯವನ್ನು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಪರಿಗಣಿಸಿದ್ದಾರೆ. ಅದರ ಐದು ಅಂಗಗಳನ್ನು ಹೇಳುವ ತತ್ತ್ವಾರ್ಥಸೂತ್ರವು ವಾಚನೆಯ ಬೆನ್ನಿಗೇ ಪೃಚ್ಛನೆಗೆ, ಎಂದರೆ ಪ್ರಶ್ನಿಸುವುದಕ್ಕೆ, ಸ್ಥಾನ ನೀಡಿದೆ. ಪಾಠವನ್ನು ಶುದ್ಧವಾಗಿ ಮತ್ತೆ ಮತ್ತೆ ಹೇಳಿಕೊಳ್ಳುವ ಆಮ್ನಾಯ ಬರುವುದು ನಾಲ್ಕನೆಯದಾಗಿ. ಸಂಶಯವನ್ನು ನಿವಾರಿಸಿಕೊಳ್ಳಲು, ಇಲ್ಲವೇ ನಿಶ್ಚಿತವಾದ ಅರ್ಥವನ್ನು ದೃಢಪಡಿಸಿಕೊಳ್ಳಲು ಕೇಳುವುದೇ ಪೃಚ್ಛನೆಯೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಆದರೆ ಪಾಠಶಾಲೆಗಳಲ್ಲಾಗಲಿ ಕಾಲೇಜುಗಳಲ್ಲಾಗಲಿ ಹಲವೆಡೆ ಉಳಿದುಕೊಂಡಿರುವುದು ವಾಚನೆ ಮತ್ತು ಆಮ್ನಾಯ ಮಾತ್ರ.

ಈ ಕೊರತೆ ಜನ್ನನ ‘ಯಶೋಧರ ಚರಿತೆ’ಯ ಬೋಧನೆಯಲ್ಲಿ ಎದ್ದು ಕಾಣುತ್ತದೆ. ಕ್ರಿ.ಶ. 1209ರ ಈ ಕಾವ್ಯವನ್ನು ‘ಹಿಟ್ಟಿನ ಕೋಳಿಯ ಬಲಿಯೂ ಹಿಂಸೆಯೇ’ ಎಂಬ ಒಂದು ನೀತಿವಾಕ್ಯಕ್ಕೆ ಇಳಿಸಿ ಪಾಠ ಮುಗಿಸುವುದು ವಾಡಿಕೆ. ವಾಕ್ಯವೇನೋ ನಿಜ. ಅದನ್ನು ಉರುಹೊಡೆದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಉತ್ತೀರ್ಣನಾಗಬಲ್ಲನು. ಕಾವ್ಯವು ಅವನ ಅಂತಃಕರಣವನ್ನು ಮುಟ್ಟುವುದಿಲ್ಲ.

‘ಈ ಹಿಂಸೆ ಎಲ್ಲಿ ಮೊದಲಾಯಿತು?’ ಎಂದು ಒಬ್ಬ ವಿದ್ಯಾರ್ಥಿ ಕೇಳಿದನೆನ್ನೋಣ. ಕತ್ತಿ ಎತ್ತುವುದಕ್ಕೆ ಬಹಳ ಮೊದಲೇ ಯಶೋಧರನು ಸುಳ್ಳೊಂದನ್ನು ಆಡಿದ್ದಾನೆ. ಅಮೃತಮತಿಯ ನಡತೆಯಿಂದ ನೊಂದ ಅವನು ನಿಜವನ್ನು ತಾಯಿಗೆ ತಿಳಿಸಲಾರದೆ ಕೆಟ್ಟ ಕನಸಿನ ನೆಪ ಹೇಳುತ್ತಾನೆ. ಕನಸಿನ ದೋಷಪರಿಹಾರಕ್ಕೆ ಚಂದ್ರಮತಿ ಬಲಿಯನ್ನು ಸೂಚಿಸುತ್ತಾಳೆ. ಮಗನು ಪ್ರಾಣಿವಧೆಗೆ ಒಪ್ಪದಿದ್ದಾಗ ಹಿಟ್ಟಿನ ಕೋಳಿಯಲ್ಲಿ ಇಬ್ಬರಿಗೂ ರಾಜಿಯಾಗುತ್ತದೆ. ಹಾಗಾದರೆ ಹಿಂಸೆಗೆ ದಾರಿ ತೆರೆದದ್ದು ಅಸತ್ಯವೇ? ಒತ್ತಾಯಿಸಿದ ತಾಯಿಯ ಹೊಣೆ ಎಷ್ಟು, ಮಣಿದ ಮಗನ ಹೊಣೆ ಎಷ್ಟು? ಮುಂದಿನ ಜನ್ಮದಲ್ಲಿ ಮಗನು ನವಿಲಾಗಿಯೂ ತಾಯಿ ನಾಯಿಯಾಗಿಯೂ ಹುಟ್ಟುವುದರಿಂದ ಇಬ್ಬರೂ ಪಾಲುದಾರರೆಂಬುದು ಸ್ಪಷ್ಟ. ಧರ್ಮ ಮತ್ತು ಲೋಕಾಚಾರಗಳ ನಡುವೆ ಹೊಂದಾಣಿಕೆ ಮಾಡಿಕೊಂಡೇ ಬದುಕುವ ಗೃಹಸ್ಥರ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಯಾವುದಿದೆ? ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕವೂ ಈ ಕಥೆಯನ್ನು ಮರಳಿ ಪ್ರಶ್ನಿಸಿದುದರ ಫಲವೇ. ಅದರ ನಿಲುವನ್ನು ಒಪ್ಪಬೇಕೆಂದಿಲ್ಲ. ಎರಡನ್ನೂ ಜೊತೆಗಿಟ್ಟು ಚರ್ಚಿಸಿದರೆ ಜನ್ನನ ನಿಲುವು ಇನ್ನಷ್ಟು ನಿಚ್ಚಳವಾಗುತ್ತದೆ.

ಪ್ರಶ್ನೆಯಿಂದ ಶ್ರದ್ಧೆ ಕುಂದೀತೆಂಬ ಅಂಜಿಕೆ ಕೆಲವು ಹಿರಿಯರಲ್ಲಿದೆ. ಆದರೆ ವಿನಯವೂ ಸ್ವಾಧ್ಯಾಯವೂ ಒಂದೇ ಅಂತರಂಗ ತಪಸ್ಸಿನ ಭೇದಗಳಾಗಿರುವಾಗ ಅವುಗಳಲ್ಲಿ ವಿರೋಧವೆಲ್ಲಿಯದು? ಚಿನ್ನವನ್ನು ಒರೆಗೆ ಹಚ್ಚುವುದು ಚಿನ್ನಕ್ಕೆ ಮಾಡುವ ಅವಮಾನವಲ್ಲ. ಗುರುವನ್ನು ಸೋಲಿಸುವ ಹಟದಿಂದ ಕೇಳುವುದು ವಿತಂಡ; ತಿಳಿಯುವ ಹಂಬಲದಿಂದ ಕೇಳುವುದು ಪೃಚ್ಛನೆ. ಈ ಅಂತರವನ್ನು ಕಲಿಸುವುದೇ ಅಧ್ಯಾಪಕನ ಕೆಲಸ.

ಬಲಿಗೆಂದು ತಂದ ಅಭಯರುಚಿ, ಅಭಯಮತಿಯರ ನಿರ್ಭಯತೆಯನ್ನು ಕಂಡು ಮಾರಿದತ್ತನು ಅದರ ಕಾರಣವನ್ನು ಕೇಳುತ್ತಾನೆ. ಆ ಪ್ರಶ್ನೆಗೆ ಬಾಲಕನಿತ್ತ ಉತ್ತರವೇ ಈ ಕಾವ್ಯದ ಕಥೆ. ಅರಸನು ಕೇಳದೆ ಹೋಗಿದ್ದರೆ ಎರಡು ಪ್ರಾಣಗಳು ಉಳಿಯುತ್ತಿರಲಿಲ್ಲ, ಅವನ ಮನಸ್ಸೂ ತಿರುಗುತ್ತಿರಲಿಲ್ಲ. ಬಸದಿಗಳ ಆಡಳಿತ ಮಂಡಳಿಗಳು ಪಾಠಶಾಲೆಯ ಪ್ರತಿ ಪಾಠದ ಕೊನೆಗೆ ಮಕ್ಕಳ ಪ್ರಶ್ನೆಗಳಿಗೆಂದು ಕಾಲು ಗಂಟೆಯನ್ನು ಮೀಸಲಿಡುವುದು ಕಷ್ಟವೇನಲ್ಲ. ಅದು ಹೊಸ ಪದ್ಧತಿಯೂ ಅಲ್ಲ. ಆಚಾರ್ಯರು ಹಾಕಿಕೊಟ್ಟ ಹಳೆಯ ಕ್ರಮವೇ.