ಗೋಷ್ಠಿ: ಒಂದು ಶಬ್ದವಿಚಾರ

ಯಾವುದೇ ಸಾಹಿತ್ಯಸಮ್ಮೇಳನದ ಆಹ್ವಾನಪತ್ರಿಕೆಯನ್ನು ತೆರೆದರೂ ಕವಿಗೋಷ್ಠಿ, ವಿಚಾರಗೋಷ್ಠಿ, ಮಹಿಳಾಗೋಷ್ಠಿ ಎಂದು ಗೋಷ್ಠಿಗಳ ಸಾಲೇ ಕಣ್ಣಿಗೆ ಬೀಳುತ್ತದೆ. ಮಂತ್ರಿಗಳು ವರದಿಗಾರರನ್ನು ಕರೆಸಿ ಮಾತನಾಡಿದರೆ ಅದು ಪತ್ರಿಕಾಗೋಷ್ಠಿ; ಬಟ್ಟಲು ಹಿಡಿದವರು ನೆರೆದರೆ ಪಾನಗೋಷ್ಠಿ. ಇಷ್ಟು ಭಿನ್ನವಾದ ನೆರವಿಗಳಿಗೆಲ್ಲ ಸಲ್ಲುವ ಈ ಮಾತಿಗೆ ತನ್ನದೇ ಆದ ಅರ್ಥವೇನಾದರೂ ಉಂಟೆ, ಅಥವಾ ‘ಸಭೆ’ ಎಂಬುದಕ್ಕೆ ಅದೊಂದು ಅಲಂಕಾರದ ಪರ್ಯಾಯ ಮಾತ್ರವೆ? ಅಮರಸಿಂಹನನ್ನು ಕೇಳಿದರೆ ಪರ್ಯಾಯವೇ ಸರಿ. ಅವನು ಗೋಷ್ಠಿಯನ್ನು ಸಭೆ, ಸಮಿತಿ, ಪರಿಷತ್ತು, ಸಂಸತ್ತುಗಳೊಡನೆ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದ್ದಾನೆ. ಕೋಶಕಾರನಿಗೆ ಅಷ್ಟು ಸಾಕು. ಮಾತಿನ ಬೆಲೆಯನ್ನು ತಿಳಿಯಬೇಕೆನ್ನುವವನಿಗೆ ಸಾಲದು.

ಶಬ್ದದ ಹುಟ್ಟು ತೀರ ಸರಳವಾದುದು. ಗೋವುಗಳು ನಿಲ್ಲುವ ಎಡೆ ಗೋಷ್ಠ. ಋಗ್ವೇದದಲ್ಲಿಯೇ ಈ ಮಾತು ದನದ ದೊಡ್ಡಿ ಎಂಬರ್ಥದಲ್ಲಿ ಬಂದಿದೆ. ಇಲ್ಲಿ ಸಕಾರವು ಷಕಾರವಾಗುವುದಕ್ಕೆ ಪಾಣಿನಿಯ ಸೂತ್ರವೂ ಉಂಟು. ಆದರೆ ಕೆಲವರು ಪಂಡಿತರಿಗೆ ಈ ಕೊಟ್ಟಿಗೆಯ ವಾಸನೆ ಹಿಡಿಸದು. ‘ಗೋ’ ಎಂದರೆ ವಾಕ್ಕು ಎಂದೂ ಅರ್ಥವುಂಟಷ್ಟೆ. ವೈದಿಕ ನಿಘಂಟುವಿನ ವಾಙ್ನಾಮಗಳಲ್ಲಿ ಅದು ಸೇರಿದೆ. ಆದುದರಿಂದ ನಾನಾ ವಾಕ್ಕುಗಳು ನೆಲೆನಿಂತ ಸ್ಥಳವೇ ಗೋಷ್ಠಿ ಎಂದು ಅವರು ವಿಗ್ರಹವಾಕ್ಯವನ್ನು ಹೇಳುತ್ತಾರೆ. ವ್ಯುತ್ಪತ್ತಿ ಸೊಗಸಾಗಿದೆ. ಅತಿ ಸೊಗಸಾಗಿರುವುದೇ ಅದರ ದೋಷವೆಂದು ನಮಗೆ ತೋರುತ್ತದೆ. ದೊಡ್ಡಿ ಎಂಬರ್ಥ ಮೊದಲು ಬಂದು ನೆರವಿ ಎಂಬರ್ಥ ಆಮೇಲೆ ಬಂದಿರುವಾಗ, ನಡುವಣ ದಾರಿಯನ್ನು ಬಿಟ್ಟು ವಾಗ್ದೇವಿಯ ಬಳಿಗೆ ಹಾರಬೇಕಾದ ಅಗತ್ಯವಿಲ್ಲ.

ಆ ದಾರಿ ನಮ್ಮ ನುಡಿಯಲ್ಲಿಯೇ ಕಾಣಿಸುತ್ತದೆ. ದಕ್ಷಿಣ ಕನ್ನಡದವರು ದನದ ಕೊಟ್ಟಿಗೆಯನ್ನು ‘ಹಟ್ಟಿ’ ಎನ್ನುತ್ತಾರೆ. ಚಿತ್ರದುರ್ಗದ ಕಡೆಗೆ ಹೋದರೆ ಹಟ್ಟಿಯೆಂದರೆ ಗೊಲ್ಲರು ಮನೆಮಾಡಿಕೊಂಡಿರುವ ಊರು. ದನ ನಿಂತಲ್ಲಿ ದನಗಾಹಿಯೂ ನಿಂತ, ನಿಂತವರು ಮಾತಿಗೆ ತೊಡಗಿದರು. ಗೋವುಗಳನ್ನು ಅರಸುವುದೇ ಮೊದಲ ‘ಗವೇಷಣೆ’ಯಾಗಿತ್ತೆಂಬುದನ್ನು ನೆನೆದರೆ, ಸಂಶೋಧನೆ ಮತ್ತು ವಿದ್ವದ್ಗೋಷ್ಠಿಗಳೆರಡೂ ಒಂದೇ ಕೊಟ್ಟಿಗೆಯಿಂದ ಹೊರಟುವೆಂದು ಹೇಳಬಹುದು. ಹಿಂದೆ ದೊಡ್ಡಿಯಾಗಿದ್ದು ಈಗ ಹಾಗಿಲ್ಲದ ಸ್ಥಳಕ್ಕೆ ‘ಗೌಷ್ಠೀನ’ ಎಂಬ ಬೇರೆ ರೂಪವನ್ನೇ ಪಾಣಿನಿಯು ಹೇಳಿದ್ದಾನೆ. ಗೋಷ್ಠಿಯೆಂಬ ಮಾತೂ ಒಂದು ಗೌಷ್ಠೀನವೇ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ: ಯವನರ ‘ಸಿಂಪೋಸಿಯಂ’ ಮೂಲತಃ ಸಹಪಾನ, ಲ್ಯಾಟಿನ್ ಮೂಲದ ‘ಸೆಮಿನಾರ್’ ಸಸಿಮಡಿ.

ಇನ್ನು ಅಮರನು ಒಟ್ಟುಗೂಡಿಸಿದುದನ್ನು ಬಿಡಿಸಿ ನೋಡೋಣ. ಪರಿಷತ್ತೆಂದರೆ ಸುತ್ತಲೂ ಕುಳಿತವರು. ಸುತ್ತಲೆಂದರೆ ನಡುವೆ ಯಾರೋ ಇರಬೇಕು. ಬೃಹದಾರಣ್ಯಕದಲ್ಲಿ ಶ್ವೇತಕೇತುವು ಪಾಂಚಾಲರ ಪರಿಷತ್ತಿಗೆ ಹೋಗುತ್ತಾನೆ. ರಾಜನಾದ ಪ್ರವಾಹಣ ಜೈವಲಿಯು ಐದು ಪ್ರಶ್ನೆಗಳನ್ನು ಕೇಳುತ್ತಾನೆ. ಹುಡುಗನಿಗೆ ಒಂದಕ್ಕೂ ಉತ್ತರ ಬಾರದು. (ಇದೇ ಕಥೆಯನ್ನು ಹೇಳುವ ಛಾಂದೋಗ್ಯವು ಅದನ್ನು ‘ಸಮಿತಿ’ಯೆಂದು ಕರೆದಿದೆ.) ಮನುಸ್ಮೃತಿಯಲ್ಲಿ ಪರಿಷತ್ತು ಹತ್ತು ಮಂದಿಗೆ, ಕಡೆಗೆ ಮೂವರಿಗಾದರೂ ಕಡಮೆಯಿಲ್ಲದ ಶಿಷ್ಟರ ಮಂಡಲಿ, ಅವರು ಧರ್ಮವೆಂದು ನಿರ್ಣಯಿಸಿದುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಪರೀಕ್ಷೆಯೂ ತೀರ್ಪೂ ಪರಿಷತ್ತಿನ ಕಾರ್ಯಗಳು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯಸಂಸ್ಥೆಯನ್ನು ಸ್ಥಾಪಿಸಿದ ಹಿರಿಯರು ಅದಕ್ಕೆ ಪರಿಷತ್ತೆಂಬ ಹೆಸರನ್ನಿಟ್ಟುದು ಉಚಿತವೇ ಆಗಿತ್ತು.

ಗೋಷ್ಠಿಯ ಸ್ವಭಾವ ಬೇರೆ. ಅದನ್ನು ವಿವರವಾಗಿ ಬಣ್ಣಿಸಿದವನು ಧರ್ಮಶಾಸ್ತ್ರಕಾರನಲ್ಲ, ಕಾಮಸೂತ್ರದ ವಾತ್ಸ್ಯಾಯನ. ವಿದ್ಯೆ, ಬುದ್ಧಿ, ಶೀಲ, ವಿತ್ತ, ವಯಸ್ಸುಗಳಲ್ಲಿ ಸಮಾನರಾದವರು ವೇಶ್ಯೆಯ ಮನೆಯಲ್ಲಿಯೋ ಸಭಾಮಂದಿರದಲ್ಲಿಯೋ ತಮ್ಮಲ್ಲೊಬ್ಬನ ಮನೆಯಲ್ಲಿಯೋ ಕೂಡಿ, ಕಾವ್ಯಸಮಸ್ಯೆ ಕಲಾಸಮಸ್ಯೆಗಳನ್ನು ಚರ್ಚಿಸುತ್ತ ಕುಳಿತರೆ ಅದು ಅವನ ಗೋಷ್ಠಿ. ಅಲ್ಲಿ ಅಧ್ಯಕ್ಷನ ಪ್ರಸ್ತಾಪವಿಲ್ಲ. ಕೇವಲ ಸಂಸ್ಕೃತದಲ್ಲಿಯೂ ಮಾತನಾಡಬೇಡ, ಕೇವಲ ದೇಶಭಾಷೆಯಲ್ಲಿಯೂ ಬೇಡ ಎಂದು ಅವನು ಹೇಳುವ ಬುದ್ಧಿವಾದವು ನಮ್ಮ ವಿದ್ವಾಂಸರಿಗೆ ಇಂದಿಗೂ ಸಲ್ಲತಕ್ಕದ್ದು. ಈ ಸಮಾನತೆಗೆ ಬೇಲಿಯೂ ಉಂಟೆಂಬುದನ್ನು ಮರೆಯಲಾಗದು: ಗಣಿಕೆಗೆ ದೊರೆತ ಆಸನ ಗೃಹಿಣಿಗೆ ದೊರೆಯಲಿಲ್ಲ, ಬಡವನು ಬಾಗಿಲ ಹೊರಗೆ. ಆದರೂ ಬೇಲಿಯೊಳಗೆ ಕುಳಿತವರಲ್ಲಿ ಮೇಲುಕೀಳಿಲ್ಲವೆಂಬುದು ಗಮನಾರ್ಹವಾದ ಅಂಶ. ಸಾಂಚಿಯ ದಾನಶಾಸನಗಳಲ್ಲಿಯೂ, ಆಂಧ್ರದ ಭಟ್ಟಿಪ್ರೋಲಿನಲ್ಲಿ ದೊರೆತ ಕ್ರಿಸ್ತಪೂರ್ವಕಾಲದ ಧಾತುಕರಂಡಕಗಳ ಮೇಲಿನ ಬರಹಗಳಲ್ಲಿಯೂ ‘ಗೋಠಿ’ ಎಂಬ ಪ್ರಾಕೃತರೂಪ ಬರುತ್ತದೆ. ಅಲ್ಲಿಯೂ ಅದು ಜೊತೆಗೂಡಿ ದಾನಮಾಡಿದವರ ಕೂಟ.

ಆ ಪ್ರಾಕೃತದ ದಾರಿಯಿಂದಲೇ ಕನ್ನಡಕ್ಕೆ ‘ಗೊಟ್ಟಿ’ ಬಂದಿತು. ಕ್ರಿ. ಶ. 941ರ ಸುಮಾರಿಗೆ ಪಂಪನು ವಿಕ್ರಮಾರ್ಜುನವಿಜಯದಲ್ಲಿ ಬನವಾಸಿಯನ್ನು ನೆನೆಯುವ ಪ್ರಸಿದ್ಧವಾದ ಪದ್ಯದಲ್ಲಿ ಈ ಮಾತು ನಿಂತಿರುವ ಸ್ಥಾನ ವಿಚಾರಾರ್ಹವಾದುದು. ತ್ಯಾಗ, ಭೋಗ, ಅಕ್ಷರ, ಗೇಯಗಳನ್ನು ಷಷ್ಠಿಯಲ್ಲಿ ಹೇಳಿ ಅದೇ ವಿಭಕ್ತಿಯಲ್ಲಿ ಗೊಟ್ಟಿಯನ್ನು ತರುತ್ತಾನೆ. ಈ ನಾಲ್ಕರ ಗೊಟ್ಟಿಯೆಂದು ಅನ್ವಯಿಸಬಹುದು. ಗೊಟ್ಟಿಯನ್ನೇ ಐದನೆಯ ಸುಖವೆಂದು ಬಿಡಿಯಾಗಿಯೂ ಎಣಿಸಬಹುದು. ವ್ಯಾಕರಣವು ಎರಡನ್ನೂ ಒಪ್ಪುತ್ತದೆ. ನಮಗೆ ಎರಡನೆಯದೇ ಪ್ರಿಯ. ಅಕ್ಷರವನ್ನು ಒಬ್ಬನೇ ಕುಳಿತು ಸವಿಯಬಹುದು, ಗೇಯವನ್ನೂ ಒಬ್ಬನೇ ಹಾಡಿಕೊಳ್ಳಬಹುದು. ಇನ್ನೊಬ್ಬನಿಲ್ಲದೆ ಆಗದ ಸುಖವೆಂದರೆ ಗೊಟ್ಟಿ. ಹಾಗೆ ಬಾಳಿದವರೇ ಮನುಷ್ಯರೆಂದ ಪಂಪನಿಗೆ ಅದು ವಿದ್ವತ್ತಿನ ಪ್ರದರ್ಶನವಾಗಿರಲಿಲ್ಲವೆಂಬುದು ಸ್ಪಷ್ಟ. ಆ ಜನ್ಮ ದೊರೆಯದಿದ್ದರೆ ಬನವಾಸಿಯ ತೋಟದಲ್ಲಿ ದುಂಬಿಯೋ ಕೋಗಿಲೆಯೋ ಆದರೂ ಸಾಕೆನ್ನುತ್ತಾನೆ. ದುಂಬಿಗೆ ಭೋಗವುಂಟು, ಕೋಗಿಲೆಗೆ ಗೇಯವುಂಟು. ಗೊಟ್ಟಿ ಮಾತ್ರ ಎರಡಕ್ಕೂ ಇಲ್ಲ. ಕವಿಯು ಆ ನಷ್ಟವನ್ನು ಅರಿತೇ ಹೇಳಿದನೋ ಏನೋ.

ಮರಾಠಿಯಲ್ಲಿ ಇದೇ ಮಾತು ‘ಗೋಷ್ಟ’ವಾಗಿ ಕಥೆ, ಸಂಗತಿ ಎಂಬರ್ಥವನ್ನು ತಳೆದಿದೆ, ಕುಳಿತ ಸ್ಥಳ ಹೋಗಿ ಆಡಿದ ಮಾತು ಉಳಿಯಿತು. ನಮ್ಮಲ್ಲಿ ಆದುದು ಇದರ ವಿಪರೀತ. ವೇದಿಕೆಯ ಮೇಲೆ ಐವರು ಸಾಲಾಗಿ ಕುಳಿತು ಬರೆದು ತಂದುದನ್ನು ಓದುತ್ತಾರೆ; ಅಧ್ಯಕ್ಷರು ಅದನ್ನೇ ಸಂಗ್ರಹಿಸಿ ಹೇಳುತ್ತಾರೆ; ಕೇಳಿದವರಲ್ಲೊಬ್ಬನು ಎದ್ದು ಪ್ರಶ್ನಿಸುವಷ್ಟರಲ್ಲಿ ಕಾಲಾವಕಾಶವಿಲ್ಲವೆಂದು ವಂದನಾರ್ಪಣೆ ಮೊದಲಾಗುತ್ತದೆ. ಇದು ಉಪನ್ಯಾಸಮಾಲೆ. ಉಪನ್ಯಾಸಮಾಲೆ ನಿಂದ್ಯವೇನೂ ಅಲ್ಲ, ಅದರಿಂದ ತಿಳಿಯುವುದು ಬಹಳವುಂಟು. ಆದರೆ ಅದನ್ನು ಆ ಹೆಸರಿನಿಂದಲೇ ಕರೆಯಬಹುದು. ಈಗ ಬಳಕೆಯಲ್ಲಿರುವ ‘ವಿಚಾರಸಂಕಿರಣ’ವೂ ಇಂಥ ಕಡೆಗೆ ಸಲ್ಲುತ್ತದೆ; ‘ಸಂಕೀರ್ಣ’ದ ಧಾತುವಿನಿಂದಲೇ ಬಂದ ಆ ಮಾತು ವಿಚಾರಗಳು ಬೆರೆತು ಚೆಲ್ಲಿವೆಯೆಂದು ಹೇಳುವುದೇ ಹೊರತು, ಮನುಷ್ಯರು ಮಾತನಾಡಿದರೆಂದು ಹೇಳುವುದಿಲ್ಲ. ಜಿಲ್ಲೆಯ ಸಂಘಗಳಲ್ಲಿ ತಿಂಗಳಿಗೊಮ್ಮೆ ಹತ್ತು ಹನ್ನೆರಡು ಮಂದಿ ಜಮಖಾನದ ಮೇಲೆ ಕುಳಿತು, ಒಂದು ಪದ್ಯವನ್ನು ನಡುವೆ ಇಟ್ಟುಕೊಂಡು, ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡಬರುತ್ತ ಸಂಜೆ ಕಳೆಯುವುದುಂಟಲ್ಲ, ಆ ಕೂಟಕ್ಕೆ ಗೋಷ್ಠಿಯೆಂಬ ಹೆಸರನ್ನು ಕಾದಿರಿಸುವುದು ಲೇಸು. ಅಲ್ಲಿಗೆ ಗೃಹಿಣಿಯರೂ ಬರಲಿ, ವಾತ್ಸ್ಯಾಯನನ ಬೇಲಿಯನ್ನು ಅಷ್ಟರ ಮಟ್ಟಿಗೆ ಕೀಳೋಣ.